ಶಾಲೆಯ ವಾತಾವರಣ ಮತ್ತು ಮಕ್ಕಳ ಕ್ಷೇಮ



2023ರ ಡಿಸೆಂಬರ್ 1ರಂದು ನಮ್ಮ ಬಸವೇಶ್ವರನಗರವೂ ಸೇರಿದಂತೆ ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಇ-ಮೇಲ್ ಮೂಲಕ ಬಾಂಬ್ ಬೆದರಿಕೆ ಬಂದುದನ್ನು ತಾವೆಲ್ಲರೂ ಬಲ್ಲಿರಿ. ಮಕ್ಕಳನ್ನು ತರಗತಿಗಳಿಂದ ಹೊರತರಲಾಯಿತು. ತಾಯಿತಂದೆಯರು ಕೆಲಸ ಬಿಟ್ಟು ಓಡಿ ಬಂದರು. ಪೊಲೀಸರು ಶಾಲೆಗಳನ್ನು ಶೋಧಿಸಿ, ಅದು ಹುಸಿಯೆಂದು ತಿಳಿಸಿದರು. 2025ರ ಜುಲೈ 18ರಂದು ಕೆಂಗೇರಿ, ರಾಜರಾಜೇಶ್ವರಿನಗರಗಳ ಕಡೆಯ ಶಾಲೆಗಳಿಗೂ ಇಂಥದೇ ಬೆದರಿಕೆ ಬಂದಿತು. ಬಾಂಬು ಹುಸಿಯಾಯಿತು, ಮಕ್ಕಳ ಭಯ ಮಾತ್ರ ನಿಜವಾಗಿತ್ತು.

ಅಂಥ ಗಳಿಗೆಯಲ್ಲಿ ಯಾವ ತರಗತಿ ಯಾವ ಬಾಗಿಲಿನಿಂದ ಹೊರಡಬೇಕು, ಎಲ್ಲಿ ಸೇರಬೇಕು, ತಲೆ ಎಣಿಸುವವರು ಯಾರು, ನಡೆಯಲಾರದ ಮಗುವನ್ನು ಕರೆತರುವವರು ಯಾರು, ಮಗುವನ್ನು ಯಾರ ಕೈಗೆ ಒಪ್ಪಿಸಬೇಕು? ಇವನ್ನೆಲ್ಲ ನೆಮ್ಮದಿಯ ದಿನಗಳಲ್ಲಿಯೇ ಬರೆದಿಟ್ಟು, ವರ್ಷದಲ್ಲಿ ಕೆಲವು ಬಾರಿಯಾದರೂ ಅಭ್ಯಾಸ ಮಾಡಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ವಿವೇಕವಲ್ಲ.

ಆದರೆ ಮಕ್ಕಳಿಗೆ ಒದಗುವ ಹಿಂಸೆಯೆಲ್ಲ ಹೊರಗಿನಿಂದಲೇ ಬರುವುದಿಲ್ಲ. ಸಹಪಾಠಿಗಳ ಪೀಡೆ, ಬಣ್ಣವನ್ನೋ ಜಾತಿಯನ್ನೋ ಬಡತನವನ್ನೋ ಹಿಡಿದು ಮಾಡುವ ಹಾಸ್ಯ, ಬೆತ್ತದ ಏಟು, ಕೆಟ್ಟ ಸ್ಪರ್ಶ ಇವು ಗೋಡೆಯ ಒಳಗೇ ನಡೆಯುವಂಥವು. ಎತ್ತರದ ಗೋಡೆಯಾಗಲಿ ಕ್ಯಾಮೆರಾವಾಗಲಿ ಇವನ್ನು ತಡೆಯಲಾರವು. ಅಮೆರಿಕದಲ್ಲಿ 1974ರಿಂದ 2000ದವರೆಗೆ ಶಾಲೆಗಳ ಮೇಲೆ ವಿದ್ಯಾರ್ಥಿಗಳೇ ನಡೆಸಿದ 37 ದಾಳಿಗಳನ್ನು ಅಲ್ಲಿನ ಸರ್ಕಾರ ಪರಿಶೀಲಿಸಿ 2002ರಲ್ಲಿ ವರದಿ ನೀಡಿತು. ಬಹುಪಾಲು ಪ್ರಕರಣಗಳಲ್ಲಿ ಯಾರಾದರೊಬ್ಬರಿಗೆ, ಸಾಮಾನ್ಯವಾಗಿ ಜೊತೆಯ ವಿದ್ಯಾರ್ಥಿಗೆ, ವಿಷಯ ಮೊದಲೇ ತಿಳಿದಿತ್ತು. ಆದರೆ ಅದು ಹಿರಿಯರ ಕಿವಿಗೆ ಬಿದ್ದದ್ದು ಅಪರೂಪ. ಮಗು ಅಂಜದೆ ಬಂದು ಹೇಳಿಕೊಳ್ಳಬಲ್ಲ ಶಿಕ್ಷಕರೊಬ್ಬರಿದ್ದರೆ ಶಾಲೆಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ.

ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ. ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಸೆರೆವಾಸದ ಶಿಕ್ಷೆಯುಂಟು. ಸಂಸ್ಥೆಯ ಮಾನ ಉಳಿಸಬೇಕೆಂಬ ನೆಪಕ್ಕೆ ಅಲ್ಲಿ ಎಡೆಯಿಲ್ಲ. ಈ ಮಾತು ಧರ್ಮಸಭೆ ನಡೆಸುವ ಶಾಲೆಗಳಿಗೂ ಅಷ್ಟೇ ಸಲ್ಲುತ್ತದೆ. ಸಂಸ್ಥೆಯ ಹೆಸರಿಗಿಂತ ಮಗು ದೊಡ್ಡದು.

ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಶಾಲೆಯಿಂದ ಬಂದೊಡನೆ ಅಂಕಗಳನ್ನು ಕೇಳುವ ಮೊದಲು, ಆ ದಿನ ಹೇಗೆ ಕಳೆಯಿತೆಂದು ಕೇಳಿರಿ. ಅದು ಶಾಲೆಗೆ ಹೋಗಲು ಹಟಾತ್ತನೆ ಹಿಂಜರಿದರೆ ಗದರಿಸದೆ ಕಾರಣವನ್ನು ಹುಡುಕಿರಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಅದಕ್ಕೆ ಕಲಿಸಿರಿ. ಪೋಷಕರ ಸಭೆಯಲ್ಲಿ ಫಲಿತಾಂಶದ ಜೊತೆಗೆ ಶಾಲೆಯ ಸುರಕ್ಷಾ ಯೋಜನೆಯನ್ನೂ ವಿಚಾರಿಸಿರಿ.

ನೂರು ವರ್ಷಗಳ ನೆನಪನ್ನು ಆಚರಿಸುವ ನಾವು ಮುಂದಿನ ಪೀಳಿಗೆಗೆ ನಿರ್ಭಯವಾದ ತರಗತಿಗಳನ್ನು ಬಿಟ್ಟುಹೋಗೋಣ.