ಪದವೀಧರರಿಂದ ಗದ್ದೆಗೆ ಬಂದದ್ದೇನು?

(ಶನಿವಾರಸಂತೆಯ ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ವಾರದ ಸಂತೆಯಿಂದಲೇ ಹೆಸರು ಪಡೆದ ಊರು ಶನಿವಾರಸಂತೆ. ಸಂತೆಗೆ ಬಂದ ರೈತರು ಒಬ್ಬರನ್ನೊಬ್ಬರು ಕಂಡಾಗ ಮಳೆಯ ಮಾತು, ಕಾಫಿಯ ಧಾರಣೆ, ಕರಿಮೆಣಸಿನ ಬೆಲೆ ಇವೆಲ್ಲ ಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಮಗ ಎಲ್ಲಿದ್ದಾನೆ?" ಉತ್ತರವೂ ಬಹುಮಟ್ಟಿಗೆ ಒಂದೇ: "ಓದು ಮುಗಿಯಿತು, ಬೆಂಗಳೂರಿನಲ್ಲಿದ್ದಾನೆ." ಹೇಳುವವರ ದನಿಯಲ್ಲಿ ಹೆಮ್ಮೆಯೂ ಇರುತ್ತದೆ, ಸಣ್ಣದೊಂದು ನೋವೂ ಇರುತ್ತದೆ.

ಮನೆಯ ದುಡ್ಡು ಓದಿಗೆ ಹೋಯಿತು, ಓದಿದವನು ಊರು ಬಿಟ್ಟ, ಆಳು ಸಿಗದೆ ಗದ್ದೆ ಪಾಳು ಬಿತ್ತು ಅಥವಾ ಶುಂಠಿಗೆಂದು ಗುತ್ತಿಗೆಗೆ ಹೋಯಿತು. ಹೀಗಿರುವಾಗ ವಿದ್ಯೆಯಿಂದ ಒಕ್ಕಲುತನಕ್ಕೆ ಬಂದ ಲಾಭವೇನು ಎಂದು ರೈತನು ಕೇಳಿದರೆ ಅದು ಅಡ್ಡ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಹೊಗಳಿಕೆಯಿಂದ ಕೊಡಲಾಗದು. ಜಮಾ ಎಷ್ಟು, ಖರ್ಚು ಎಷ್ಟು ಎಂದು ಲೆಕ್ಕ ಬರೆದು ನೋಡಬೇಕು.

ಹೆಬ್ಬಾಳದ ಮೂವತ್ತು ಎಕರೆ

1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಗಳಿಗಾಗಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೊಟ್ಟರು. 1913ರಲ್ಲಿ ಅಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಆಗ ಮೈಸೂರು ಕೃಷಿ ಇಲಾಖೆಯಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಇದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಮಲೆನಾಡಿನ ರೈತರಿಗೆ ತೋರಿಸಿಕೊಟ್ಟವರು ಇವರೇ. ಮೈಲುತುತ್ತ, ಸುಣ್ಣ, ನೀರು ಇಷ್ಟರಿಂದಲೇ ಆಗುವ ಆ ಔಷಧಿಯನ್ನು ಇಂದಿಗೂ ಕೊಡಗಿನ ರೈತರು ಮೆಣಸಿನ ಬಳ್ಳಿಗೆ ಮಳೆಗಾಲಕ್ಕೆ ಮುಂಚೆ ಹೊಡೆಯುತ್ತಾರೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1946ರಲ್ಲಿ ಹೆಬ್ಬಾಳದ ಶಾಲೆ ಕಾಲೇಜಾಗಿ ಆ ವಿಶ್ವವಿದ್ಯಾನಿಲಯಕ್ಕೆ ಸೇರಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬೇರೆಯಾಗಿ ಹುಟ್ಟಿತು. ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ ಈ ಎಲ್ಲ ವಿದ್ಯಾಸಂಸ್ಥೆಗಳೂ ಕೊಡಗಿನ ಮಕ್ಕಳ ಪಾಲಿಗೂ ಬಂದವು. ಇಂದು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೂ ಇದೆ.

ಈ ವಿದ್ಯಾಲಯಗಳಿಂದ ಸಾವಿರಾರು ಜನ ಪದವಿ ಪಡೆದಿದ್ದಾರೆ. ಅವರಲ್ಲಿ ಕೆಲವರ ಕೆಲಸವನ್ನಾದರೂ ರೈತರು ತಿಳಿದಿರಬೇಕು.

ಭತ್ತದ ಮಹದೇವಪ್ಪನವರು

ಡಾ. ಎಂ. ಮಹದೇವಪ್ಪನವರು 1937ರಲ್ಲಿ ಚಾಮರಾಜನಗರದ ಕಡೆಯ ಮಾದಾಪುರವೆಂಬ ಹಳ್ಳಿಯಲ್ಲಿ ಹುಟ್ಟಿದರು. ಹೆಬ್ಬಾಳದ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿ ಕೃಷಿ ಪದವಿ ಪಡೆದರು. ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಇವರು ಕೈಹಾಕಿದ್ದು ಸಂಕರಣ ಭತ್ತಕ್ಕೆ.

ಜೋಳದಲ್ಲಿ ಸಂಕರಣ ಬೀಜ ಮಾಡುವುದು ಅಷ್ಟು ಕಷ್ಟವಲ್ಲ. ಮುಸುಕಿನ ಜೋಳದಲ್ಲಿ ಗಂಡು ಹೂವು ತುದಿಯಲ್ಲಿ, ಹೆಣ್ಣು ಹೂವು ಕಂಕುಳಲ್ಲಿ ಇರುತ್ತವೆ. ಆದರೆ ಭತ್ತದಲ್ಲಿ ಗಂಡು ಹೆಣ್ಣು ಎರಡೂ ಒಂದೇ ಪುಟ್ಟ ಹೂವಿನೊಳಗೆ. ಹೊಟ್ಟು ಬಿಚ್ಚುವ ಹೊತ್ತಿಗೆ ತನ್ನ ಪರಾಗ ತನಗೇ ಬಿದ್ದಿರುತ್ತದೆ. ಬೇರೆ ತಳಿಯ ಪರಾಗಕ್ಕೆ ಅಲ್ಲಿ ಜಾಗವಿಲ್ಲ. ಇದಕ್ಕೆ ಉಪಾಯವೆಂದರೆ, ಪರಾಗ ಬಂಜೆಯಾಗಿರುವ ಒಂದು ತಳಿಯನ್ನು ಹುಡುಕಿ, ಅದರ ಸಾಲುಗಳ ಪಕ್ಕದಲ್ಲಿ ಗಂಡು ತಳಿಯ ಸಾಲು ನೆಟ್ಟು, ಹೂವು ಅರಳುವ ಹೊತ್ತಿನಲ್ಲಿ ಹಗ್ಗ ಎಳೆದೋ ಕೋಲಿನಿಂದ ಬಾಗಿಸಿಯೋ ಪರಾಗ ಉದುರಿಸುವುದು. ಚೀನಾ ದೇಶದವರು ಇದನ್ನು 1970ರ ದಶಕದಲ್ಲಿಯೇ ಸಾಧಿಸಿದ್ದರು. ಆದರೆ ಅಲ್ಲಿನ ತಳಿ ನಮ್ಮ ಹವೆಗೆ, ನಮ್ಮ ರೋಗಕ್ಕೆ, ನಮ್ಮ ಬಾಯಿಗೆ ಒಗ್ಗಬೇಕಲ್ಲ! ಅದಕ್ಕಾಗಿ ಇಲ್ಲಿಯೇ ವರ್ಷಗಟ್ಟಲೆ ಗದ್ದೆಯಲ್ಲಿ ನಿಂತು ಕೆಲಸ ಮಾಡಬೇಕಾಯಿತು. ಮಂಡ್ಯದ ವಿ.ಸಿ. ಫಾರಂನಿಂದ ಕೆ.ಆರ್.ಎಚ್.-1 ತಳಿ 1994ರಲ್ಲಿ, ಕೆ.ಆರ್.ಎಚ್.-2 ತಳಿ 1996ರಲ್ಲಿ ಹೊರಬಂದವು.

ಇಲ್ಲಿ ರೈತರು ತಿಳಿಯಬೇಕಾದ ಎರಡು ಮಾತುಗಳಿವೆ. ಸಂಕರಣ ಭತ್ತದ ಬೀಜ ಎಕರೆಗೆ ಸುಮಾರು 8 ಕಿಲೋ ಸಾಕು. ಆದರೆ ಬೆಳೆದ ಭತ್ತವನ್ನು ಮರುವರ್ಷ ಬಿತ್ತನೆಗೆ ಇಡಬಾರದು, ಇಟ್ಟರೆ ಪೈರು ಏಕರೂಪವಾಗಿ ಬಾರದೆ ಇಳುವರಿ ಕುಸಿಯುತ್ತದೆ. ಎರಡನೆಯದಾಗಿ, ಈ ತಳಿಗಳು ನೀರಾವರಿಯ ಬಯಲು ಸೀಮೆಗೆಂದು ಬಂದವು. ಮಳೆಯ ಹೊಡೆತವೂ ಬೆಂಕಿ ರೋಗದ ಕಾಟವೂ ಇರುವ ಕೊಡಗಿನ ಗದ್ದೆಗೆ ಇಂಟಾನ್, ತುಂಗಾ ಮುಂತಾದ ಗುಡ್ಡಗಾಡು ವಲಯದ ತಳಿಗಳ ಲೆಕ್ಕವೇ ಬೇರೆ. ಬಯಲುಸೀಮೆಯ ನೆಂಟರು ಹೊಗಳಿದರೆಂದು ಬೀಜ ತರುವ ಮೊದಲು ಹತ್ತಿರದ ಸಂಶೋಧನಾ ಕೇಂದ್ರದವರನ್ನು ಕೇಳುವುದು ಜಾಣತನ.

ಮಹದೇವಪ್ಪನವರು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ ಕಳೆಯ ವಿರುದ್ಧ ಊರೂರು ತಿರುಗಿ ಪ್ರಚಾರ ಮಾಡಿದರು. 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಅವರಿಗೆ ಬಂತು. ನಿವೃತ್ತಿಯ ನಂತರವೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದ ಕೆಲಸದಲ್ಲಿ ತೊಡಗಿಕೊಂಡಿದ್ದು 2021ರಲ್ಲಿ ತೀರಿಕೊಂಡರು.

ರಾಗಿಯ ಲಕ್ಷ್ಮಣಯ್ಯನವರು

ಅದೇ ವಿ.ಸಿ. ಫಾರಂನಲ್ಲಿ ಇವರಿಗೂ ಮೊದಲು ದುಡಿದವರು ಲಕ್ಷ್ಮಣಯ್ಯನವರು. ಇವರನ್ನು ಜನ ನೆನೆಯುವುದು ಪದವಿಯಿಂದಲ್ಲ, ಬೀಜದಿಂದ. ರಾಗಿಯ ಹೂವು ಭತ್ತದ ಹೂವಿಗಿಂತಲೂ ಸಣ್ಣದು. ಅದು ಅರಳುವುದು ಬೆಳಕು ಹರಿಯುವ ಮುಂಚೆ. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಎದ್ದು ಕೆಲಸ ಮಾಡುವವನಿಗೆ ಮಾತ್ರ ಈ ಬೆಳೆ ವಶವಾಗುತ್ತದೆ. ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ತಳಿಗಳಿಗೆ 'ಇಂಡಾಫ್' ಎಂದು ಹೆಸರಾಯಿತು. ಮುಂದೆ ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿ.ಪಿ.ಯು.-28 ತಳಿ ಬಂದಾಗ ಅದರ ವಂಶದಲ್ಲಿ ಇಂಡಾಫ್-5, ಇಂಡಾಫ್-9 ಎರಡೂ ಇದ್ದವು. 1993ರಲ್ಲಿ ಲಕ್ಷ್ಮಣಯ್ಯನವರು ಕಾಲವಾದರು. ಅವರ ಕೆಲಸ ಇಂದಿಗೂ ಹೊಲದಲ್ಲಿದೆ.

ಸಸಿ ಮತ್ತು ಮೀನು

ಬನ್ನೂರು ಕಡೆಯ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಎಚ್. ಮರಿಗೌಡರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಅಮೆರಿಕದ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಆದರೂ ಹಿಂತಿರುಗಿ ಬಂದದ್ದು ಲಾಲ್‌ಬಾಗಿಗೆ. ರಾಜ್ಯದ ತೋಟಗಾರಿಕೆ ಇಲಾಖೆಯನ್ನು ಕಟ್ಟಿದ ಇವರು ನೂರಾರು ಕಡೆ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆದರು. ಸಸಿಯ ಜಾತಿ ತಪ್ಪಿದರೆ ಅದು ರೈತನಿಗೆ ತಿಳಿಯುವುದು ಐದಾರು ವರ್ಷ ಗೊಬ್ಬರ ನೀರು ಹಾಕಿದ ಮೇಲೆ. ಆದ್ದರಿಂದ ನಂಬಿಕೆಯ ತಾಯಿಮರದಿಂದ ಬಂದ ಸಸಿ ರೈತನ ಕೈಗೆ ಸಿಗಬೇಕಾದದ್ದು ಅತ್ಯಗತ್ಯ. ಕಿತ್ತಳೆಯ ತೋಟಗಳು ರೋಗಕ್ಕೆ ಸೊರಗಿದ್ದನ್ನು ಕಂಡ ಕೊಡಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಳಂದೂರಿನ ಡಾ. ಎಸ್. ಅಯ್ಯಪ್ಪನ್ ಅವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರು. 1969ರಲ್ಲಿ ಪ್ರಾರಂಭವಾದ ಆ ಕಾಲೇಜು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಸಿಹಿನೀರಿನ ಮೀನು ಸಾಕಣೆ ಅವರ ವಿಷಯ. ಒಂದೇ ಕೆರೆಯಲ್ಲಿ ಮೇಲ್ಮಟ್ಟದ ಆಹಾರಕ್ಕೆ ಕಾಟ್ಲಾ, ನಡುಮಟ್ಟಕ್ಕೆ ರೋಹು, ತಳಕ್ಕೆ ಮೃಗಾಲ್ ಹೀಗೆ ಮೂರನ್ನೂ ಸಾಕಿದರೆ ಒಂದರ ಊಟಕ್ಕೆ ಇನ್ನೊಂದು ಅಡ್ಡಿಯಾಗದು. ತೋಟದ ಕೆರೆಯನ್ನು ನೀರಿಗೆಂದು ಮಾತ್ರ ಇಟ್ಟುಕೊಂಡಿರುವ ಬೆಳೆಗಾರರು ಇದನ್ನು ಯೋಚಿಸಬಹುದು. ಅಯ್ಯಪ್ಪನ್ ಅವರು 2010ರಿಂದ 2016ರವರೆಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಹಾನಿರ್ದೇಶಕರಾಗಿದ್ದರು. ಬೆಳೆ ವಿಜ್ಞಾನಿಯಲ್ಲದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. 2022ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ನಿಧನರಾದರು.

ತೋಟಕ್ಕೆ ಬಂದ ಪದವೀಧರ

ಇನ್ನೊಂದು ಬಗೆಯ ಪದವೀಧರರೂ ಉಂಟು. ಮೈಸೂರಿನಲ್ಲಿ ಎಂ.ಎ. ಮುಗಿಸಿದ ಪೂರ್ಣಚಂದ್ರ ತೇಜಸ್ವಿಯವರು ಕುವೆಂಪು ಅವರ ಮಗ. ನೌಕರಿ ಬೇಕೆಂದರೆ ಸಿಗುತ್ತಿತ್ತು. ಅವರು ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು, 2007ರಲ್ಲಿ ಕೊನೆಯುಸಿರೆಳೆಯುವವರೆಗೂ ಕೃಷಿಕರಾಗಿಯೇ ಇದ್ದರು. 1980ರಲ್ಲಿ ಪ್ರಕಟವಾದ ಅವರ 'ಕರ್ವಾಲೋ' ಕಾದಂಬರಿಯಲ್ಲಿ ಹಾರುವ ಓತಿಯನ್ನು ಕಂಡವನು ಹೆಚ್ಚು ಓದದ ಹಳ್ಳಿಯ ಹುಡುಗ ಮಂದಣ್ಣ. ಅದರ ಬೆಲೆ ಏನೆಂದು ಅರಿತವರು ವಿಜ್ಞಾನಿ ಕರ್ವಾಲೋ. ಒಬ್ಬನ ಕಣ್ಣು ಇಲ್ಲದೆ ಇನ್ನೊಬ್ಬನ ವಿದ್ಯೆ ಮುಂದೆ ಹೋಗದು. ವಿಸ್ತರಣಾ ಕೆಲಸದ ತಿರುಳೂ ಇಷ್ಟೇ.

ಲೆಕ್ಕದ ಇನ್ನೊಂದು ಬದಿ

ಜಮೆಯ ಬದಿಯನ್ನು ಇಷ್ಟು ಹೇಳಿದ ಮೇಲೆ ಖರ್ಚಿನ ಬದಿಯನ್ನು ಮುಚ್ಚಿಡಬಾರದು. ಕೃಷಿ ಪದವಿ ಪಡೆದವರಲ್ಲಿ ಬಹಳ ಮಂದಿ ಬ್ಯಾಂಕಿಗೆ, ಸರ್ಕಾರಿ ಕಚೇರಿಗೆ, ಕಂಪನಿಗಳಿಗೆ ಹೋಗುತ್ತಾರೆ. ಮೇಲೆ ಹೇಳಿದ ತಳಿಗಳು ಇಳುವರಿ ಹೆಚ್ಚಿಸಿದವು ನಿಜ; ಆದರೆ ಇಳುವರಿಯೊಂದೇ ಗದ್ದೆಯನ್ನು ಉಳಿಸಲಿಲ್ಲ. ಕೂಲಿ ಏರಿತು, ಭತ್ತದ ಬೆಲೆ ಆ ಮಟ್ಟಕ್ಕೆ ಏರಲಿಲ್ಲ, ಕಾಡಾನೆಯ ಕಾಟ ಸೇರಿಕೊಂಡಿತು. ಕೊಡಗಿನ ಗದ್ದೆ ಅಕ್ಕಿ ಕೊಡುವುದು ಮಾತ್ರವಲ್ಲ, ಮಳೆಗಾಲದ ನೀರನ್ನು ನಿಲ್ಲಿಸಿ ಭೂಮಿಗೆ ಇಳಿಸುತ್ತದೆ. ಅದು ಪಾಳು ಬಿದ್ದರೆ ನಷ್ಟ ಒಬ್ಬ ರೈತನಿಗಲ್ಲ, ಕೆಳಗಿನ ಸೀಮೆಗೂ ಉಂಟು. ಇದಕ್ಕೆ ಪರಿಹಾರ ಹುಡುಕುವ ಕೆಲಸ ಮುಂದಿನ ಪದವೀಧರರಿಗೆ ಬಾಕಿ ಇದೆ. ಅವರು ಬೇರೆ ಎಲ್ಲಿಂದಲೋ ಬರಬೇಕಾಗಿಲ್ಲ, ಈ ಸಂತೆಗೆ ಬರುವವರ ಮನೆಯಿಂದಲೇ ಬರಬಹುದು.

ರೈತರು ಮಾಡಬಹುದಾದದ್ದು

ಕೃಷಿ ಪದವಿಯ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ, ಉಪಕರಣ ಮುಂತಾದವನ್ನು ಗುರುತಿಸಬೇಕಾಗುತ್ತದೆ. ಆದ್ದರಿಂದ ಓದುವ ಮಗನನ್ನಾಗಲಿ ಮಗಳನ್ನಾಗಲಿ "ನಿನಗೇಕೆ ಕೆಸರು" ಎಂದು ಗದ್ದೆಯಿಂದ ದೂರವಿಡುವುದು ಸರಿಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕೃಷಿ ವಿಶ್ವವಿದ್ಯಾನಿಲಯಗಳು ಎರಡು ವರ್ಷದ ಡಿಪ್ಲೊಮಾ ಶಿಕ್ಷಣವನ್ನು ಕನ್ನಡದಲ್ಲಿಯೇ ನಡೆಸಿಕೊಂಡು ಬಂದಿವೆ. ಊರಿನಲ್ಲಿಯೇ ಉಳಿಯಬೇಕೆನ್ನುವವರು ಅದನ್ನು ವಿಚಾರಿಸಬಹುದು.

ಇನ್ನು ಮನೆಯಲ್ಲಿಯೇ ಇರುವ ರೈತರು ವಿದ್ಯೆಯನ್ನು ಕೇಳಿ ಪಡೆಯಬೇಕು. ಕೊಡಗಿನ ಮಣ್ಣಿನಲ್ಲಿ ಹುಳಿ ಅಂಶ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಸುಣ್ಣ ಹಾಕಿದರೆ, ಕೊಟ್ಟ ಗೊಬ್ಬರ ಬೆಳೆಗೆ ದಕ್ಕುತ್ತದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಗಳು ರೈತರ ಪ್ರಶ್ನೆಗೆಂದೇ ಇವೆ. ರೋಗ ಬಂದ ಎಲೆಯನ್ನೋ ಬೇರನ್ನೋ ಒಯ್ದು ತೋರಿಸಿ, ಉತ್ತರ ತಿಳಿಯದಿದ್ದರೆ ಮತ್ತೆ ಕೇಳಿ. ರೈತನು ಕೇಳದಿದ್ದರೆ ವಿಜ್ಞಾನಿಗೆ ಗದ್ದೆಯ ಕಷ್ಟ ತಿಳಿಯುವ ದಾರಿಯಿಲ್ಲ.

ಪದವಿಯ ಕಾಗದವನ್ನು ಗೋಡೆಗೆ ತೂಗುಹಾಕಿದರೆ ಅದು ಮನೆಗೆ ಅಲಂಕಾರ. ಆ ಓದಿನಿಂದ ಒಂದು ಬೀಜ, ಒಂದು ಸಸಿ, ಒಂದು ಔಷಧಿ ಊರಿಗೆ ಬಂದರೆ ಅದು ನಾಡಿಗೆ ಉಪಕಾರ. ಮಹದೇವಪ್ಪನವರೂ ಒಂದು ಕಾಲಕ್ಕೆ ಹಳ್ಳಿಯಿಂದ ಹೊರಟ ಹುಡುಗರೇ. "ಮಗ ಎಲ್ಲಿದ್ದಾನೆ" ಎಂದು ಮುಂದಿನ ಶನಿವಾರ ಯಾರಾದರೂ ಕೇಳಿದಾಗ, "ಎಲ್ಲಿದ್ದರೂ ಗದ್ದೆಯ ಕೆಲಸದಲ್ಲಿದ್ದಾನೆ" ಎಂದು ಹೇಳುವ ಕಾಲ ಬರಲಿ.