ಗರ್ಭಕ್ಕೆ ಮೊದಲಿನ ಆಹಾರ: ಸಂತಾನಶಕ್ತಿ ಮತ್ತು ಗ್ರಾಮ ಪಂಚಾಯತ್

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಶಿರ್ತಾಡಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗದ ಮನೆಯಲ್ಲಿ ಮೊದಲ ಪ್ರಶ್ನೆ ಸೊಸೆಯ ಕಡೆಗೇ ತಿರುಗುತ್ತದೆ. ಹರಕೆ, ಆಮೇಲೆ ಮಂಗಳೂರಿನ ಆಸ್ಪತ್ರೆ, ಆಮೇಲೆ ಅಡವಿಟ್ಟ ಚಿನ್ನ. ಗಂಡನ ಪರೀಕ್ಷೆಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಒಂದು ವರ್ಷದ ಪ್ರಯತ್ನದ ಬಳಿಕವೂ ಗರ್ಭ ನಿಲ್ಲದಿದ್ದರೆ ಅದನ್ನು ಸಂತಾನಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಆ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಮಾನದಲ್ಲಿ ಎಂದಾದರೂ ಇದನ್ನು ಅನುಭವಿಸುತ್ತಾರೆ. ಇಂತಹ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. 'ಬಂಜೆ' ಎಂಬ ಪದವನ್ನು ಹೆಣ್ಣಿಗೆ ಮಾತ್ರ ಹಚ್ಚಿರುವುದು ನಮ್ಮ ಭಾಷೆ ಎಸಗಿದ ಅನ್ಯಾಯವೆಂದೇ ಹೇಳಬೇಕು.

ಹೊಟ್ಟೆಗೂ ಗರ್ಭಕ್ಕೂ ಇರುವ ನಂಟು ಬರಗಾಲದಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. 1944–45ರ ಚಳಿಗಾಲದಲ್ಲಿ ಯುದ್ಧದ ನಡುವೆ ಸಿಕ್ಕಿಕೊಂಡ ಹಾಲೆಂಡಿನಲ್ಲಿ ದಿನದ ಪಡಿತರ ಒಂದು ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಸರಿಯಾಗಿ ಒಂಬತ್ತು ತಿಂಗಳ ನಂತರ ಆ ಪ್ರದೇಶದ ಜನನಗಳು ತೀವ್ರವಾಗಿ ಕುಸಿದವು. ಶರೀರಕ್ಕೆ ತನ್ನನ್ನೇ ಸಾಕಲು ಆಹಾರ ಸಾಲದಾದಾಗ ಅದು ಅಂಡೋತ್ಪತ್ತಿಯನ್ನು ನಿಲ್ಲಿಸುತ್ತದೆ. ಅತಿಯಾದ ಬೊಜ್ಜಿನಲ್ಲಿಯೂ ಋತುಚಕ್ರ ಏರುಪೇರಾಗುತ್ತದೆ. ಪಿಸಿಒಎಸ್ ಇರುವ, ತೂಕ ಹೆಚ್ಚಿದ ಅನೇಕ ಮಹಿಳೆಯರಲ್ಲಿ ದೇಹತೂಕದ ನೂರಕ್ಕೆ 5ರಿಂದ 10ರಷ್ಟು ಇಳಿದರೆ ಮುಟ್ಟು ಮತ್ತೆ ಕ್ರಮಕ್ಕೆ ಬರುವುದುಂಟು.

ಕಾಂಕ್ರೀಟ್ ರಸ್ತೆಯ ಬಲವನ್ನು 28ನೇ ದಿನ ಪರೀಕ್ಷಿಸುವುದು ಸದಸ್ಯರೆಲ್ಲರಿಗೂ ತಿಳಿದಿದೆ. ಭ್ರೂಣದ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳವೂ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು. ಆ ಹೊತ್ತಿಗೆ ತಾಯಿಯ ಮುಟ್ಟು ಎರಡು ವಾರ ತಡವಾಗಿರುತ್ತದೆ, ಅಷ್ಟೇ. ತಾಯಿ ಕಾರ್ಡ್ ಕೈಗೆ ಬಂದಿರುವುದಿಲ್ಲ. ಸ್ಲ್ಯಾಬ್ ಹಾಕಿ ಮುಗಿದ ಮೇಲೆ ಸರಳು ತರಲು ಹೊರಟಂತೆ ನಮ್ಮ ವ್ಯವಸ್ಥೆ ಇದೆ. ಮಗು ಬೇಕೆಂದು ನಿಶ್ಚಯಿಸಿದ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅಕ್ಟೋಬರ್ 2, 2017ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ನೀಡುವ ಉದ್ದೇಶದ್ದು. ಯೋಜನೆ ಒಳ್ಳೆಯದೇ. ಆದರೆ ಅಡಿಕೆ ತೋಟಗಳ ನಡುವೆ ಗುಡ್ಡಕ್ಕೊಂದು ಮನೆಯಿರುವ ಈ ಸೀಮೆಯಲ್ಲಿ, ಮಳೆಗಾಲದ ಕಾಲುದಾರಿಯಲ್ಲಿ ತುಂಬು ಗರ್ಭಿಣಿ ದಿನವೂ ಅಂಗನವಾಡಿಗೆ ನಡೆದು ಬಂದು ಉಣ್ಣಬೇಕೆಂಬ ನಿಯಮ ಬಯಲುಸೀಮೆಗೆ ಒಪ್ಪಿದಷ್ಟು ಒಪ್ಪಲಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ನವವಿವಾಹಿತೆ ಈ ಪಟ್ಟಿಯೊಳಗೆ ಬರುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಾಕೆ ರಕ್ತದ ಕೊರತೆಯೊಂದಿಗೇ ಗರ್ಭ ಹೊರುತ್ತಾಳೆ.

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗ ತೌಡಿನ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುವುದರಿಂದ, ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಅದು ಮೇಲು. ಬೂತಾಯಿ, ಬಂಗುಡೆಗಳು ಬಡವರ ಬಟ್ಟಲಿನ ಉತ್ತಮ ಪ್ರೋಟೀನು ಮತ್ತು ಕೊಬ್ಬು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಹುರುಳಿ, ಹೆಸರು, ಮೊಟ್ಟೆ ಆ ಜಾಗವನ್ನು ತುಂಬಬಲ್ಲವು. ಅದೇ ಕಾಲಕ್ಕೆ ಬೇಲಿಬದಿಯಲ್ಲಿ ತಜಂಕ್ ಚಿಗುರುತ್ತದೆ. ಆಟಿ ತಿಂಗಳಲ್ಲಿ ಅದನ್ನು ತಿನ್ನಬೇಕೆಂದ ಹಿರಿಯರು ಪೌಷ್ಟಿಕತೆಯ ಪುಸ್ತಕ ಓದಿದವರಲ್ಲ. ಹರಿವೆ, ಬಸಳೆ, ನುಗ್ಗೆಗೆ ಹಿತ್ತಿಲಿನ ನಾಲ್ಕು ಅಡಿ ನೆಲ ಸಾಕು. ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ ಕಬ್ಬಿಣ ರಕ್ತಕ್ಕೆ ಹೆಚ್ಚು ಸೇರುತ್ತದೆ. ಊಟವಾದ ತಕ್ಷಣ ಚಹಾ ಕುಡಿದರೆ ಕಡಿಮೆ ಸೇರುತ್ತದೆ. ಬೀಡಿ ಕಟ್ಟುತ್ತಾ ಮಧ್ಯಾಹ್ನದ ಊಟವನ್ನು ಚಹಾ, ಬಿಸ್ಕತ್ತಿನಲ್ಲಿ ಮುಗಿಸುವ ಮಹಿಳೆಯರಿಗೆ ಈ ಮಾತು ವಿಶೇಷವಾಗಿ ತಲುಪಬೇಕು.

ಪುರುಷರ ವಿಷಯ. ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಇಂದಿನ ವೀರ್ಯದ ಗುಣದಲ್ಲಿ ಕಳೆದ ಎರಡೂವರೆ ತಿಂಗಳ ಊಟ, ಬೀಡಿ, ಮದ್ಯಗಳ ಲೆಕ್ಕವಿರುತ್ತದೆ. ಹೊಗೆಸೊಪ್ಪು ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತದೆ. ತರಕಾರಿ, ಮೀನು, ಬೀಜಗಳಿರುವ ಊಟ ಅದಕ್ಕೆ ಅನುಕೂಲ.

ಹಾಗೆಂದು ಆಹಾರವೇ ಎಲ್ಲವನ್ನೂ ಗುಣಪಡಿಸುವುದೆಂದು ಸಭೆಗಳಲ್ಲಿ ಹೇಳಬಾರದು. ಗರ್ಭನಾಳ ಮುಚ್ಚಿದ್ದರೆ, ಜನನಾಂಗದ ಕ್ಷಯವಿದ್ದರೆ, ಥೈರಾಯ್ಡ್ ಕೊರತೆಯಿದ್ದರೆ ಬೇಕಾದುದು ವೈದ್ಯರು. ಒಂದು ವರ್ಷ ಕಾದ ದಂಪತಿ, ಪತ್ನಿಗೆ 35 ದಾಟಿದ್ದರೆ ಆರೇ ತಿಂಗಳಲ್ಲಿ, ಇಬ್ಬರೂ ಒಟ್ಟಿಗೆ ತಪಾಸಣೆಗೆ ಹೋಗಬೇಕು. ಪುಡಿ, ಲೇಹ್ಯಗಳಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಈ ಮಾತನ್ನು ಅವರಿಗೆ ತಿಳಿಸುವವರು ವಾರ್ಡಿನ ಸದಸ್ಯರೇ ಆದರೆ ಒಳ್ಳೆಯದು.

ಆಶಾ ಕಾರ್ಯಕರ್ತೆಯರ ಬಳಿ ಅರ್ಹ ದಂಪತಿಗಳ ನೋಂದಣಿ ಪುಸ್ತಕ ಈಗಾಗಲೇ ಇದೆ. ಅದನ್ನು ಬಹುತೇಕ ಕುಟುಂಬ ಯೋಜನೆಗಷ್ಟೇ ತೆರೆಯಲಾಗುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ, ಯಾರ ಹೆಸರನ್ನೂ ಗಟ್ಟಿಯಾಗಿ ಓದದೆ, ಮೂರು ಸಂಖ್ಯೆಗಳನ್ನು ಕೇಳಬಹುದು: ಈ ವರ್ಷ ಮದುವೆಯಾಗಿ ಬಂದವರೆಷ್ಟು, ಅವರಲ್ಲಿ ವಾರಕ್ಕೊಂದು ಕೆಂಪು ಕಬ್ಬಿಣಾಂಶದ ಮಾತ್ರೆ ತಲುಪುತ್ತಿರುವುದು ಎಷ್ಟು ಮಂದಿಗೆ, ಪತಿಪತ್ನಿ ಇಬ್ಬರ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಿರುವ ಮನೆಗಳೆಷ್ಟು. ಮೂರನೆಯ ಸಂಖ್ಯೆ ಸೊನ್ನೆಯಾಗಿದ್ದರೆ ಅದನ್ನೂ ನಡಾವಳಿಯಲ್ಲಿ ದಾಖಲಿಸತಕ್ಕದ್ದು.