ಕಲ್ಲಿಗೂ ಒಂದು ವಿಳಾಸ

ಕೂಡಿಡುವುದು ಮನುಷ್ಯನ ಹಳೆಯ ಹವ್ಯಾಸ. ನಾಣ್ಯ, ಅಂಚೆಚೀಟಿ, ಓಲೆಗರಿಗಳನ್ನು ಸಂಗ್ರಹಿಸುವವರನ್ನು ನಾವೆಲ್ಲ ಬಲ್ಲೆವು. ಕನ್ನಡ ಪಾಠ ಹೇಳಿಕೊಂಡು ಬಾಳಿದ ನಾನು ಕಲ್ಲು ಆರಿಸುವುದನ್ನು ಕಂಡು ನಕ್ಕವರುಂಟು. ಆದರೆ ನನ್ನ ಕಪಾಟಿನಲ್ಲಿರುವುವು ಬರಿಯ ಕಲ್ಲುಗಳಲ್ಲ, ಪಳೆಯುಳಿಕೆಗಳು. ಒಂದು ಕಾಲಕ್ಕೆ ಬದುಕಿದ್ದು, ಬಳಿಕ ಕಲ್ಲಾಗಿ ಉಳಿದ ಜೀವಗಳು.

ಇವು ನಮಗೆ ಅಪರಿಚಿತವೇನೂ ಅಲ್ಲ. ಎಷ್ಟೋ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ನೇಪಾಳದ ಗಂಡಕಿಯಿಂದ ಬಂದುದು. ಅದರೊಳಗಿನ ಚಕ್ರವು ಅಮ್ಮೊನೈಟ್ ಎಂಬ ಕಡಲಜೀವಿಯ ಸುರುಳಿಚಿಪ್ಪಿನ ಗುರುತು. ಹಿಮಾಲಯ ತಲೆಯೆತ್ತುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಅದು ಈಜುತ್ತಿತ್ತು. ಈ ತಿಳಿವಿನಿಂದ ಭಕ್ತಿಗೆ ಕುಂದಿಲ್ಲವೆಂದೇ ನನ್ನ ಭಾವನೆ.

ಕರ್ನಾಟಕದಲ್ಲಿ ಇಂಥವು ವಿರಳ. ನಮ್ಮ ಬಂಡೆಗಳಲ್ಲಿ ಬಹುಪಾಲು, ಚಿಪ್ಪು ಮೂಳೆಗಳ ಪ್ರಾಣಿಗಳು ಹುಟ್ಟುವುದಕ್ಕೆ ಎಷ್ಟೋ ಮೊದಲಿನವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ವಯಸ್ಸೇ ಸುಮಾರು 300 ಕೋಟಿ ವರ್ಷ. ಆದುದರಿಂದ ನನ್ನ ಹುಡುಕಾಟವೆಲ್ಲ ತಮಿಳುನಾಡಿನ ಅರಿಯಲೂರು ಸೀಮೆಯಲ್ಲಿ ನಡೆಯಿತು. ಸುಮಾರು 11 ಕೋಟಿ ವರ್ಷಗಳ ಹಿಂದೆ ಅಲ್ಲಿಗೆ ಕಡಲು ನುಗ್ಗಿತು. ಮುಂದೆ ಕೋಟ್ಯಂತರ ವರ್ಷ ಅದು ಏರುತ್ತ ಇಳಿಯುತ್ತ ಬಂದಿತು. ಕಾರೈ ಎಂಬ ಊರಿನ ಬಳಿಯ ಕೊರಕಲುಗಳಲ್ಲಿ ಬಂದೂಕಿನ ಗುಂಡಿನಾಕಾರದ ಬೆಲೆಮ್ನೈಟುಗಳಿವೆ. ಗರುಡಮಂಗಲದ ಸುಣ್ಣಕಲ್ಲಿನಲ್ಲಿ ಚಿಪ್ಪುಗಳು ಎಷ್ಟು ಒತ್ತಾಗಿವೆಯೆಂದರೆ, ಅದಕ್ಕೆ ಹೊಳಪು ಕೊಟ್ಟು ಅಲಂಕಾರಕ್ಕೆ ಬಳಸುತ್ತಿದ್ದರು. ಸಿಮೆಂಟಿಗಾಗಿ ತೋಡಿದ ಗಣಿಗಳಲ್ಲಿ ಇಂದು ಆರಿಸದ ಚಿಪ್ಪು ನಾಳೆ ಪುಡಿಯಾಗುತ್ತದೆ. ಗಣಿಯವರ ಒಪ್ಪಿಗೆ ಪಡೆದೇ ನಾನು ಆರಿಸಿದ್ದೇನೆ.

ಆರಿಸುವುದು ಸುಲಭ, ಬರೆದಿಡುವುದೇ ಕೆಲಸ. ಸಿಕ್ಕ ಊರು ತಿಳಿಯದ ಶಾಸನವು ಅರ್ಧ ಮೂಕವೆಂಬುದನ್ನು ಶಾಸನ ಓದಿದವರೆಲ್ಲ ಬಲ್ಲರು. ಪಳೆಯುಳಿಕೆಯೂ ಹಾಗೆಯೇ. ಪ್ರತಿಯೊಂದರ ಹಿಂಬದಿಗೆ ಬಿಳಿಯ ಬಣ್ಣದ ಬೊಟ್ಟಿಟ್ಟು, ಅದರ ಮೇಲೆ ಕರಿಯ ಮಸಿಯಿಂದ ಸಂಖ್ಯೆ ಬರೆಯುತ್ತೇನೆ. ಅದೇ ಸಂಖ್ಯೆಯಡಿ ಪುಸ್ತಕದಲ್ಲಿ ಊರು, ಪದರ, ದಿನಾಂಕ, ಆರಿಸಿದವರ ಹೆಸರು ಇರುತ್ತವೆ. ಪದರದಿಂದಲೇ ಬಿಡಿಸಿದುದೋ, ಕೆಳಗೆ ಉದುರಿ ಬಿದ್ದುದೋ ಎಂಬುದನ್ನೂ ಸೇರಿಸುತ್ತೇನೆ. ಜೀವಿಯ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯುತ್ತೇನೆ. ನಾಳೆ ಬಲ್ಲವರು ತಿದ್ದಬಹುದು. ಊರಿನ ಹೆಸರು ಶಾಯಿಯಲ್ಲಿರುತ್ತದೆ. ಅದನ್ನು ಕಲ್ಲು ನೋಡಿ ಇನ್ನೊಬ್ಬರು ತುಂಬಲಾರರು.

ಇಂಥ ಬರವಣಿಗೆಯ ಬೆಲೆಗೆ ಆ ಸೀಮೆಯ ಇತಿಹಾಸವೇ ಸಾಕ್ಷಿ. 1840ರ ದಶಕದಲ್ಲಿ ಕೇ ಮತ್ತು ಕನ್‌ಲಿಫ್ ಎಂಬ ಮದರಾಸಿನ ಇಬ್ಬರು ಅಧಿಕಾರಿಗಳು ಪುದುಚೇರಿ, ವೃದ್ಧಾಚಲ, ತಿರುಚಿರಾಪಳ್ಳಿಗಳ ಆಸುಪಾಸಿನಲ್ಲಿ ಚಿಪ್ಪುಗಳನ್ನು ಕೂಡಿಸಿದರು. ಅವರಿಬ್ಬರೂ ಭೂವಿಜ್ಞಾನವನ್ನು ವೃತ್ತಿಯಾಗಿ ಹಿಡಿದವರಲ್ಲ. ಆ ಸಂಗ್ರಹ ಲಂಡನ್ನಿಗೆ ಹೋಯಿತು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅದನ್ನು ವಿವರಿಸಿ ಪ್ರಕಟಿಸಿದರು. ಯಾವುದು ಯಾವ ಊರಿನದೆಂಬುದು ತಿಳಿದಿದ್ದುದರಿಂದಲೇ ಆ ಎಡೆಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ನಮ್ಮ ಕಾಲದಲ್ಲಿಯೂ ಇಂಗ್ಲೆಂಡಿನ ಕಿಮ್ಮರಿಜ್ ಎಂಬ ಹಳ್ಳಿಯಲ್ಲಿ, ನಲ್ಲಿ ಕೊಳಾಯಿಗಳ ಕಸುಬಿನ ಸ್ಟೀವ್ ಎಚಸ್ ಎಂಬವರು ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ಕೂಡಿಸಿದ ಪಳೆಯುಳಿಕೆಗಳಿಗೆ 2016ರಲ್ಲಿ ಒಂದು ಸಂಗ್ರಹಾಲಯವೇ ತೆರೆಯಿತು.

ಇದಕ್ಕೆ ವಿರುದ್ಧವಾದುದನ್ನೂ ಕಂಡಿದ್ದೇನೆ. ನನ್ನ ಹಿರಿಯ ಮಿತ್ರರೊಬ್ಬರು ಎಲ್ಲ ವಿವರವನ್ನೂ ನೆನಪಿನಲ್ಲಿಯೇ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಮನೆ ಕೈಬದಲಾಯಿತು; ಅವರ ಅಮ್ಮೊನೈಟುಗಳು ತುಳಸಿಕಟ್ಟೆಯ ಸುತ್ತ ಅಂಚುಗಲ್ಲಾಗಿ ಕುಳಿತವು. ಮನೆಯವರನ್ನು ದೂರಲಾರೆ. ಅವು ಏನೆಂದು ಹೇಳಲು ಒಂದು ಚೀಟಿಯೂ ಇರಲಿಲ್ಲ.

ಅಂದಿನಿಂದ ನನ್ನ ಕಪಾಟಿಗೆ ಬೀಗವಿಲ್ಲ. ಅಪರೂಪವೆಂದು ಬಲ್ಲವರು ಹೇಳಿದವನ್ನು ಒಂದು ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ, ದಾಖಲೆಯ ಪ್ರತಿಯೊಡನೆ, ಒಪ್ಪಿಸಿದ್ದೇನೆ. ಒಂದೇ ಬಗೆಯವು ಹಲವಿದ್ದಾಗ ಶಾಲೆಗಳಿಗೆ ಹಂಚುತ್ತೇನೆ. ಮಕ್ಕಳು ಗಾಜಿನಾಚೆಯಿಂದ ನೋಡಿದರೆ ಸಾಲದು, ಕೈಯಲ್ಲಿ ಹಿಡಿದು ಭಾರ ನೋಡಬೇಕು. ಒಬ್ಬ ಹುಡುಗಿ ಬೆಲೆಮ್ನೈಟನ್ನು ಕೆನ್ನೆಗೊತ್ತಿಕೊಂಡು, "ತಣ್ಣಗಿದೆ ಮೇಷ್ಟ್ರೇ, ಇದು ಸತ್ತು ಎಷ್ಟು ದಿನವಾಯಿತು?" ಎಂದಳು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಗಳಲ್ಲಿ ನಾನು ಕೇಳಿದ್ದು ಕಡಿಮೆ.

ಕೇಳುಗ ಮಿತ್ರರೇ, ಹನ್ನೊಂದು ಕೋಟಿ ವರ್ಷ ಉಳಿದುಬಂದ ವಸ್ತುವಿಗೆ ನಾವು ಒಡೆಯರಾಗಿರುವುದು ಇಪ್ಪತ್ತೋ ಮೂವತ್ತೋ ವರ್ಷ. ಆ ಅಲ್ಪ ಅವಧಿಯಲ್ಲಿ ನಾವು ಅದಕ್ಕೆ ಸೇರಿಸಬಹುದಾದುದು ಒಂದು ವಿಳಾಸ ಮಾತ್ರ. ನಿಮ್ಮ ಮನೆಯಲ್ಲಿ ಇಂಥ ಕಲ್ಲೊಂದಿದ್ದರೆ, ಅದು ಎಲ್ಲಿಂದ ಬಂದಿತೆಂದು ಮನೆಯ ಹಿರಿಯರನ್ನು ಕೇಳಿ, ಇಂದೇ ಒಂದು ಚೀಟಿಯಲ್ಲಿ ಬರೆದಿಡಿ.